‘ದೌ’ ಅಂದರೆ ತಾವಾ, ನೀನಾ? ಹಳೇ ಇಂಗ್ಲಿಷಿನಲ್ಲಿ ಒಬ್ಬರನ್ನೊಬ್ಬರು ಕರೆಯುತ್ತಿದ್ದ ಬಗೆ

ನೇಪಥ್ಯ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮದು ಹದಿನಾಲ್ಕು ಜನರ ಹವ್ಯಾಸಿ ನಾಟಕ ತಂಡ. ಈ ಸಲ ಶೇಕ್ಸ್‌ಪಿಯರ್ ನಾಟಕ ಹ್ಯಾಮ್ಲೆಟ್‌ನ ಒಂದೇ ಒಂದು ದೃಶ್ಯ ಆಡೋಣ ಅಂತ ಹೊರಟಿದ್ದೇವೆ. ರಾಣಿ ಮಗನನ್ನು ತನ್ನ ಕೋಣೆಗೆ ಕರೆಸಿ ಬುದ್ಧಿ ಹೇಳಲು ಹೋಗುತ್ತಾಳಲ್ಲ, ಆ ದೃಶ್ಯ. ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ.

ದೌ, ದೀ, ದೈ ಅಂತ ಬಂದ ಕಡೆಯೆಲ್ಲ ನಾನು ತಾವು, ತಮ್ಮನ್ನು, ತಮ್ಮ ಅಂತ ಬರೆದಿದ್ದೆ. ಚರ್ಚಿನ ಪ್ರಾರ್ಥನೆಯಲ್ಲಿ, ಹಳೇ ಪದ್ಯಗಳಲ್ಲಿ, ರಾಜರಾಣಿಯರ ಸಿನಿಮಾಗಳಲ್ಲಿ ಕೇಳಿ ಕೇಳಿ ಅದು ಬಹಳ ಗೌರವದ ಮಾತು ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಮೊನ್ನೆ ತಂಡದ ಮುಂದೆ ಓದುವಾಗ ನಿರ್ದೇಶಕರು ಮೊದಲ ಸಾಲಿಗೇ ತಡೆದರು. "ತಾಯಿ ಮಗನಿಗೆ ತಾವು ಅಂತಾಳಾ? ಸರಿಯಾಗಿ ವಿಚಾರಿಸಿ ಬಾ" ಅಂದರು. ಗೊತ್ತಿರುವವರು ಹೇಳಿ. ದೌ ಅಂದರೆ ಏನು? ಹಾಗೇ ಸಿರಾ, ಗುಡಿ, ಕಝ್ ಅಂತೆಲ್ಲ ಬರುತ್ತವೆ. ಅವುಗಳಿಗೂ ಕನ್ನಡದಲ್ಲಿ ಏನು ಹಾಕಬೇಕು ಅಂತ ತಿಳಿಯುತ್ತಿಲ್ಲ.

ಹಳೇ ಮೇಷ್ಟ್ರು, ಧಾರವಾಡ

ತಂಗಿ, ನಿಮ್ಮ ನಿರ್ದೇಶಕರು ಹೇಳಿದ್ದು ಸರಿ. ದೌ ಅಂದರೆ ನೀನು. ದೀ ಅಂದರೆ ನಿನ್ನನ್ನು, ನಿನಗೆ. ದೈ ಅಂದರೆ ನಿನ್ನ. ಅದರ ಮುಂದಿನ ಮಾತು ಸ್ವರದಿಂದ ಶುರುವಾದರೆ ಆ ದೈ, ದೈನ್ ಆಗುತ್ತದೆ. ಯೀ ಅಂದರೆ ನೀವು, ಯೂ ಅಂದರೆ ನಿಮ್ಮನ್ನು, ನಿಮಗೆ. ಮೊದಲು ಇದು ಬರೀ ಲೆಕ್ಕದ ಮಾತಾಗಿತ್ತು. ಒಬ್ಬನಿದ್ದರೆ ದೌ, ಹೆಚ್ಚು ಜನ ಇದ್ದರೆ ಯೀ. ಗೌರವಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಸ್ಥಾನದಲ್ಲಿ ಫ್ರೆಂಚ್ ಬಂತು. ಫ್ರೆಂಚಿನಲ್ಲಿ ನಮ್ಮ ಹಾಗೇ ಎರಡು ಮಾತು. ಸಲಿಗೆಗೆ ತ್ಯು, ಗೌರವಕ್ಕೆ ವೂ. ಅದನ್ನು ನೋಡಿ 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನವರೂ ದೊಡ್ಡವರಿಗೆ ಬಹುವಚನ ಹಚ್ಚತೊಡಗಿದರು. ಆಮೇಲೆ ಅದು ಹೆಚ್ಚುತ್ತಲೇ ಹೋಯಿತು. ಯಾರಿಗಾದರೂ ಕಡಿಮೆ ಮಾಡಿದ ಹಾಗೆ ಆದೀತು ಅಂತ ಎಲ್ಲರೂ ಎಲ್ಲರಿಗೂ ಯೂ ಅನ್ನತೊಡಗಿದರು. 17ನೇ ಶತಮಾನ ಮುಗಿಯುವಷ್ಟರಲ್ಲಿ ಪೇಟೆಯವರ ಮಾತಿನಿಂದ ದೌ ಹೋಗೇಬಿಟ್ಟಿತು. ಹಾಗಾಗಿ ಇಂಗ್ಲಿಷಿನವರು ಕಳೆದುಕೊಂಡಿದ್ದು ನೀನು ಎಂಬ ಮಾತನ್ನು. ಈಗ ಅವರು ಮನೆ ನಾಯಿಗೂ ನೀವು ಅನ್ನುತ್ತಾರೆ.

ಈ ವಿಷಯದಲ್ಲಿ ನಮ್ಮ ಕಿವಿ ಅವರ ಕಿವಿಗಿಂತ ಚುರುಕು. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ಹೇಳುತ್ತಿದ್ದೇನೆ. ದೌ ಬಂದಲ್ಲಿ ನೀನು, ಯೂ ಬಂದಲ್ಲಿ ನೀವು ಅಂತ ಇಟ್ಟು ಆ ದೃಶ್ಯ ಇನ್ನೊಮ್ಮೆ ಓದಿರಿ. ಮೊದಲ ನಾಲ್ಕು ಸಾಲು ಸಾಕು.

ನೇಪಥ್ಯ, ಶಿವಮೊಗ್ಗ

ಮೇಷ್ಟ್ರೇ, ರಾತ್ರಿ ಊಟ ಬಿಟ್ಟು ಅದನ್ನೇ ಓದಿದೆ. ರಾಣಿಯ ಮೊದಲ ಮಾತು: "ಹ್ಯಾಮ್ಲೆಟ್, ನೀನು ನಿನ್ನ ತಂದೆಯ ಮನಸ್ಸನ್ನು ಬಹಳ ನೋಯಿಸಿದ್ದೀಯ." ಅದಕ್ಕೆ ಮಗನ ಉತ್ತರ: "ಅಮ್ಮಾ, ನೀವು ನನ್ನ ತಂದೆಯ ಮನಸ್ಸನ್ನು ಬಹಳ ನೋಯಿಸಿದ್ದೀರಿ." ಅದೇ ಮಾತನ್ನು ತಿರುಗಿಸಿ ಹೇಳುತ್ತಾನೆ. ಅವಳು ‘ನಿನ್ನ ತಂದೆ’ ಅಂದಿದ್ದು ಈಗಿನ ಗಂಡನನ್ನು, ಅಂದರೆ ಇವನ ಚಿಕ್ಕಪ್ಪನನ್ನು. ಇವನು ‘ನನ್ನ ತಂದೆ’ ಅಂದಿದ್ದು ಸತ್ತುಹೋದ ಅಪ್ಪನನ್ನು.

ಮೈ ಜುಮ್ಮೆಂದಿದ್ದು ಮೂರನೇ ಸಾಲಿಗೆ. ರಾಣಿ ಅಲ್ಲಿ ಥಟ್ಟನೆ ಯೂಗೆ ಹೋಗುತ್ತಾಳೆ. ಹುರುಳಿಲ್ಲದ ಉತ್ತರ ಕೊಡುತ್ತೀರಿ ನೀವು, ಅಂತ. ನೀನು ಅಂತ ಶುರು ಮಾಡಿದವಳು ಎರಡೇ ಮಾತಿಗೆ ನೀವು ಅಂದುಬಿಟ್ಟಳು. ಇಷ್ಟು ದಿನ ಇದು ನನಗೆ ಕಂಡೇ ಇರಲಿಲ್ಲ. ಆದರೆ ಕನ್ನಡದಲ್ಲಿ ತಾಯಿ ಮಗನಿಗೆ ನೀವು ಅಂದರೆ ನೋಡುವವರು ಒಪ್ಪುತ್ತಾರಾ?

ಅಮ್ಮಣ್ಣಿ, ಮೈಸೂರು

ಯಾಕೆ ಒಪ್ಪಲ್ಲ? ನಮ್ಮ ಅಮ್ಮ ಸಿಟ್ಟು ಬಂದಾಗ ಹೀಗೇ ಮಾತಾಡುತ್ತಿದ್ದರು. ಸಣ್ಣ ಸಿಟ್ಟಿಗೆ "ಏನೇ ನೀನು" ಅನ್ನೋರು. ಅದಕ್ಕೆ ನಾವು ಯಾರೂ ಹೆದರುತ್ತಿರಲಿಲ್ಲ. ಒಳಗೆ ನಿಜವಾಗಿ ನೊಂದಾಗ ಮಾತ್ರ ದನಿ ತಗ್ಗಿಸಿ, "ಆಯ್ತಮ್ಮಾ, ನೀವು ದೊಡ್ಡವರಾಗಿದ್ದೀರಿ, ನಿಮಗೆ ತಿಳಿದ ಹಾಗೆ ಮಾಡಿ" ಅನ್ನೋರು. ಆ ನೀವು ಕೇಳಿದರೆ ಎದೆ ಝಲ್ ಅನ್ನುತ್ತಿತ್ತು. ಕೈ ಹಿಡಿದುಕೊಂಡಿದ್ದವರು ಬಿಟ್ಟುಬಿಟ್ಟ ಹಾಗೆ.

ರಾಣಿಯ ಮೂರನೇ ಸಾಲಿಗೆ ನೀವು ಅಂತಲೇ ಇಡಿ. ತಾವು ಬೇಡ, ಅದು ಅಣಕದ ಹಾಗೆ ಕೇಳುತ್ತದೆ. ಬರೀ ನೀವು ಸಾಕು. ಹೇಳುವವರು ದನಿ ಏರಿಸಬಾರದು ಅಷ್ಟೇ.

ಹಳೇ ಮೇಷ್ಟ್ರು, ಧಾರವಾಡ

ಅಮ್ಮಣ್ಣಿ ಅವರೇ, ತರಗತಿಯಲ್ಲಿ ಒಂದು ತಾಸು ಹೇಳಿದರೂ ಇಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಅದೇ ನಾಟಕದ ಮೊದಲಲ್ಲಿ ಇದರ ಉಲ್ಟಾ ಇದೆ. ಹೊಸ ರಾಜ ಕ್ಲಾಡಿಯಸ್, ಅಂದರೆ ಆ ಚಿಕ್ಕಪ್ಪ, ಸಭೆಯಲ್ಲಿ ಲೇಯರ್ಟಿಸ್ ಎಂಬ ಹುಡುಗನನ್ನು ಮಾತಾಡಿಸುತ್ತಾನೆ. ಮೊದಲು ಸಭೆಗೆ ತಕ್ಕ ಹಾಗೆ ಯೂ. ನಿಮ್ಮದೇನು ಸಮಾಚಾರ, ಏನೋ ಕೇಳಬೇಕು ಅಂದಿದ್ದಿರಿ. ಎರಡು ಸಾಲು ದಾಟುತ್ತಿದ್ದ ಹಾಗೆ ಮೆಲ್ಲಗೆ ದೌಗೆ ಇಳಿಯುತ್ತಾನೆ. ಏನು ಬೇಕು ಕೇಳು, ನೀನು ಕೇಳುವ ಮೊದಲೇ ನಾನು ಕೊಡೋದಿಲ್ಲವೇ, ಅಂತ. ಸಿಂಹಾಸನದಿಂದ ಎದ್ದು ಬಂದು ಹೆಗಲ ಮೇಲೆ ಕೈ ಹಾಕಿದ ಹಾಗಿರುತ್ತದೆ. ಹುಡುಗನನ್ನು ಒಳಗೆ ಹಾಕಿಕೊಳ್ಳುವ ಲೆಕ್ಕ ಇದು. ನಾಟಕ ನೋಡುವವರಿಗೆ ಇದೆಲ್ಲ ಆಗ ತಾನಾಗಿ ಕೇಳುತ್ತಿತ್ತು. ಈಗಿನ ಲಂಡನ್ನಿನ ಪ್ರೇಕ್ಷಕರಿಗೆ ಅಡಿಟಿಪ್ಪಣಿ ಬೇಕು.

ಸತ್ತ ರಾಜನ ದೆವ್ವಕ್ಕೂ ದೌ, ನೋಡಿರಿ. ಹ್ಯಾಮ್ಲೆಟ್ಟನ ಗೆಳೆಯ ಹೊರೇಷಿಯೋ ರಾತ್ರಿ ಕಾವಲಿನಲ್ಲಿ ಅದನ್ನು ಕಂಡು ಕೇಳೋದು "ಯಾರು ನೀನು" ಅಂತ. ನಾವೂ ದೆವ್ವಕ್ಕೆ ನೀವು ಅನ್ನೋದಿಲ್ಲ.

ಕರಿಕೋಟು, ಬೆಂಗಳೂರು

ನಾನು ವಕೀಲ. ಇಂಗ್ಲಿಷಿನಲ್ಲಿ ದೌ ಎಷ್ಟು ಚುಚ್ಚಬಲ್ಲದು ಅಂತ ನನಗೆ ಗೊತ್ತಾಗಿದ್ದು ಒಂದು ಹಳೇ ಮೊಕದ್ದಮೆಯಿಂದ.

1603ರ ನವೆಂಬರ್. ಲಂಡನ್ನಿನಲ್ಲಿ ಪ್ಲೇಗ್ ಇದ್ದಿದ್ದರಿಂದ ವಿಚಾರಣೆ ವಿಂಚೆಸ್ಟರ್‌ನಲ್ಲಿ ನಡೆಯಿತು. ಕಟಕಟೆಯಲ್ಲಿ ಸರ್ ವಾಲ್ಟರ್ ರ‍್ಯಾಲಿ. ಎಲಿಜಬೆತ್ ರಾಣಿಗೆ ಬೇಕಾದವನಾಗಿದ್ದವನು. ಹೊಸ ರಾಜ ಜೇಮ್ಸ್ ಮೇಲೆ ಸಂಚು ಹೂಡಿದ ಆರೋಪ. ಸರ್ಕಾರದ ಪರ ವಾದಿಸಿದ್ದು ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್, ಕಾನೂನು ಓದಿದವರೆಲ್ಲ ಇವತ್ತಿಗೂ ಹೆಸರು ಕೇಳಿರುವ ಮನುಷ್ಯ. ವಾದ ಏರಿದಾಗ ಕೋಕ್ ರ‍್ಯಾಲಿಯ ಮುಖಕ್ಕೇ ನಿನ್ನನ್ನು ದೌ ಅಂತಲೇ ಕರೆಯುತ್ತೇನೆ, ದ್ರೋಹಿ, ಅಂದ. ಇಂಗ್ಲಿಷಿನಲ್ಲಿ ದೌ ಎಂಬುದು ಆಗ ಕ್ರಿಯಾಪದವೂ ಆಗಿತ್ತು. ಒಬ್ಬನನ್ನು ದೌ ಮಾಡೋದು ಅಂದರೆ ನಾವು ಹೇಳುವ "ಏಕವಚನದಲ್ಲಿ ಮಾತಾಡಿಸೋದು".

ನಮ್ಮಲ್ಲೂ ಪತ್ರಿಕೆ ಬಿಡಿಸಿದರೆ ‘ಏಕವಚನದಲ್ಲಿ ವಾಗ್ದಾಳಿ’ ಅಂತ ತಲೆಬರಹ ಇರುತ್ತದೆ ಅಲ್ವಾ? ಇವತ್ತಿನ ಇಂಗ್ಲಿಷಿಗೆ ಆ ತಲೆಬರಹವನ್ನು ಮಾಡಲು ಬರುವುದಿಲ್ಲ. 1603ರ ಇಂಗ್ಲಿಷಿಗೆ ಬರುತ್ತಿತ್ತು.

ಪಿಯುಸಿ ಹುಡುಗ, ಹಾಸನ

ಒಂದು ಡೌಟು. ಅಂಗಡಿ ಬೋರ್ಡಿನಲ್ಲಿ ‘ಯೀ ಓಲ್ಡ್’ ಅಂತ ಬರೆದಿರುತ್ತಾರಲ್ಲ, ಅದೂ ಈ ಯೀನೇನಾ?

ಹಳೇ ಮೇಷ್ಟ್ರು, ಧಾರವಾಡ

ಅಲ್ಲ ತಮ್ಮಾ. ಅದು ‘ದಿ’. ಹಿಂದೆ ಇಂಗ್ಲಿಷಿನಲ್ಲಿ ಥ, ದ ದನಿಗಳಿಗೆ ಥಾರ್ನ್ ಅಂತ ಒಂದು ಅಕ್ಷರವೇ ಇತ್ತು. ಕೈಬರಹದಲ್ಲಿ ಅದು ವೈ ಅಕ್ಷರದ ಹಾಗೆ ಕಾಣತೊಡಗಿತು. ಅಚ್ಚಿನವರು ಅದರ ಬದಲು ವೈ ಮೊಳೆಯನ್ನೇ ಜೋಡಿಸಿದರು. ಓದುವಾಗ ದಿ ಅಂತಲೇ ಓದುತ್ತಿದ್ದರು. ನಿಜವಾದ ಯೀ ಬೇಕಾದರೆ ಗುಡ್‌ಬೈ ಮಾತಿನೊಳಗೆ ಇದೆ. ದೇವರು ನಿಮ್ಮ ಜೊತೆ ಇರಲಿ ಎಂಬ ಇಡೀ ವಾಕ್ಯ ಸವೆದು ಸವೆದು ಗುಡ್‌ಬೈ ಆಗಿದ್ದು. ನಡುವಿನ ಆ ‘ಬ’ಕಾರದ ಹಿಂದೆ ಯೀ ಅಡಗಿ ಕೂತಿದೆ.

ಕಡಲತೀರ, ಮಂಗಳೂರು

ನೇಪಥ್ಯ ಅವರಿಗೆ ಗೊಂದಲ ಆಗಿದ್ದು ಸಹಜ. ನನಗೂ ಆಗಿತ್ತು. ನಮ್ಮದು ಪ್ರೊಟೆಸ್ಟಂಟ್ ಮನೆ. ಅಜ್ಜಿ ಕನ್ನಡದಲ್ಲಿ ಪ್ರಾರ್ಥನೆ ಮಾಡುವಾಗ ದೇವರಿಗೆ "ನಿನ್ನ ನಾಮ, ನಿನ್ನ ರಾಜ್ಯ, ನಿನ್ನ ಚಿತ್ತ" ಅನ್ನೋರು. ಶಾಲೆಯಲ್ಲಿ ಅದೇ ಪ್ರಾರ್ಥನೆ ಇಂಗ್ಲಿಷಿನಲ್ಲಿ ಹೇಳಿಸುವಾಗ ದೈ, ದೈ, ದೈ ಅಂತ ಬರುತ್ತಿತ್ತು. ಕೇಳಲು ಅದು ಎಷ್ಟು ಗಂಭೀರ, ನಮ್ಮ ನಿನ್ನ ಎಷ್ಟು ಮನೆಮಾತು ಅನ್ನಿಸುತ್ತಿತ್ತು. ಎರಡೂ ಒಂದೇ ಅಂತ ಗೊತ್ತಾಗಿದ್ದು ಬಹಳ ವರ್ಷದ ಮೇಲೆ. ಆ ದಿನ ನನಗೆ ಇಂಗ್ಲಿಷ್ ಪ್ರಾರ್ಥನೆಯೂ ಅಜ್ಜಿಯ ಮಾತಿನ ಹಾಗೇ ಹತ್ತಿರವಾಯಿತು.

1611ರಲ್ಲಿ ರಾಜ ಜೇಮ್ಸ್ ಕಾಲದ ಬೈಬಲ್ ಬಂತಲ್ಲ, ಅದರಲ್ಲಿ ಲೆಕ್ಕ ಬಹಳ ಕಟ್ಟುನಿಟ್ಟು. ಒಬ್ಬರಾದರೆ ದೌ, ಹಲವರಾದರೆ ಯೀ. ದೇವರೂ ದೌ, ಸೈತಾನನೂ ದೌ. ಮೂಲ ಹೀಬ್ರೂ, ಗ್ರೀಕಿನಲ್ಲಿ ಏಕವಚನ ಬಹುವಚನ ಬೇರೆ ಬೇರೆ ಇದ್ದಿದ್ದರಿಂದ ಅದನ್ನು ಹಾಗೇ ಉಳಿಸಿಕೊಂಡರು. ಆಮೇಲೆ ಬೀದಿಯಲ್ಲಿ ದೌ ಸತ್ತುಹೋಯಿತು, ಚರ್ಚಿನಲ್ಲಿ ಮಾತ್ರ ಉಳಿಯಿತು. ದೇವರ ಹತ್ತಿರ ಮಾತ್ರ ಆಡುವ ಮಾತು ಅಂದಮೇಲೆ ಅದು ದೊಡ್ಡ ಮಾತೇ ಇರಬೇಕು ಅಂತ ಜನ ತಿಳಿದರು.

ನಮ್ಮ ವಚನಕಾರರೂ ದಾಸರೂ ದೇವರಿಗೆ ನೀನು ಅಂದವರೇ. ನಮ್ಮಲ್ಲಿ ಬೀದಿಯಲ್ಲೂ ಅದು ಉಳಿದಿದ್ದರಿಂದ ಅದರ ಸಲಿಗೆ ಉಳಿಯಿತು.

ನೀಲಿಕೊಡೆ, ಶೆಫೀಲ್ಡ್

ದೌ ಪೂರ್ತಿ ಸತ್ತಿಲ್ಲ! ನಾನು ಇಲ್ಲಿ ಯಾರ್ಕ್‌ಷೈರ್ ಕಡೆ ನರ್ಸ್ ಆಗಿದ್ದೇನೆ. ವಯಸ್ಸಾದ ರೋಗಿಗಳ ಬಾಯಲ್ಲಿ ಇನ್ನೂ ಕೇಳುತ್ತೇನೆ. ದೌ ಹೋಗಿ ‘ದಾ’ ಆಗಿದೆ. ಶೆಫೀಲ್ಡಿನವರ ದೀ, ದಾ ಕೇಳಿ ಅಕ್ಕಪಕ್ಕದ ಊರಿನವರು ಇವರಿಗೆ ‘ಡೀಡಾ’ ಅಂತಲೇ ಹೆಸರಿಟ್ಟಿದ್ದಾರೆ.

ಹೋದ ಚಳಿಗಾಲದಲ್ಲಿ ಒಬ್ಬ ಅಜ್ಜ ವಾರ್ಡಿನಲ್ಲಿದ್ದರು. ಮೊದಲ ವಾರ ನನ್ನ ಜೊತೆ ಬರೀ ಯೂ. ಒಂದು ರಾತ್ರಿ ಅವರಿಗೆ ನಿದ್ದೆ ಬಾರದೆ ತುಂಬಾ ಹೊತ್ತು ಪಕ್ಕದಲ್ಲಿ ಕೂತಿದ್ದೆ. ಬೆಳಿಗ್ಗೆ ಡ್ಯೂಟಿ ಮುಗಿಸಿ ಹೊರಡುವಾಗ "ನೀನೂ ಮಲಗು, ದಣಿದಿದ್ದೀಯ" ಅಂತ ಅವರ ಮಾತಿನಲ್ಲಿ ಹೇಳಿದರು, ದಾ ಹಾಕಿ. ನಮ್ಮ ಅಜ್ಜ "ನೀ ಉಣ್ಣು ಹೋಗು" ಅಂದ ಹಾಗೇ ಕೇಳಿತು. ಜೊತೆಯಲ್ಲಿದ್ದ ಇಂಗ್ಲಿಷ್ ಹುಡುಗಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ನನಗೆ ಮನೆಗೆ ಬರುವವರೆಗೂ ಕಣ್ಣು ಒದ್ದೆಯಾಗಿತ್ತು.

ಆದರೆ ಚಿಕ್ಕವರು ದೊಡ್ಡವರಿಗೆ ಹಾಗನ್ನುವಂತಿಲ್ಲ. ಮಕ್ಕಳು ಬಾಯಿತಪ್ಪಿ ದಾ ಅಂದರೆ ಹಿಂದೆ ಗದರಿಸುತ್ತಿದ್ದರಂತೆ.

ಕರಿಕೋಟು, ಬೆಂಗಳೂರು

ಗದರಿಕೆ ಅಂದಿದ್ದಕ್ಕೆ ಕ್ವೇಕರ್‌ಗಳ ನೆನಪಾಯಿತು. 1650ರ ಸುಮಾರಿಗೆ ಜಾರ್ಜ್ ಫಾಕ್ಸ್ ಕಟ್ಟಿದ ಪಂಥ. ದೇವರ ಮುಂದೆ ಎಲ್ಲರೂ ಸಮ ಅಂದಮೇಲೆ ಬಡವನಿಗೆ ಒಂದು ಮಾತು, ಸಾಹುಕಾರನಿಗೆ ಒಂದು ಮಾತು ಯಾಕೆ ಅಂತ ಕೇಳಿದರು. ಎಲ್ಲರಿಗೂ ದೌ ಅಂದರು. ನ್ಯಾಯಾಧೀಶರಿಗೂ ದೌ. ಟೋಪಿಯನ್ನೂ ತೆಗೆಯುತ್ತಿರಲಿಲ್ಲ. ಇದಕ್ಕೆ ಏಟು ತಿಂದರು, ಜೈಲಿಗೂ ಹೋದರು. ವಿಲಿಯಂ ಪೆನ್ ಈ ಪಂಥಕ್ಕೆ ಸೇರಿದಾಗ ಅವನ ಅಪ್ಪ, ನೌಕಾಪಡೆಯ ಅಡ್ಮಿರಲ್, ಮಗನಿಗೆ ಒಂದು ರಿಯಾಯಿತಿ ಕೊಟ್ಟರು. ಯಾರಿಗೆ ಬೇಕಾದರೂ ದೌ ಅನ್ನು, ಆದರೆ ರಾಜನಿಗೆ, ರಾಜನ ತಮ್ಮನಿಗೆ, ನನಗೆ ಮಾತ್ರ ಬೇಡ, ಅಂತ. ಆ ಅಪ್ಪನ ಹೆಸರೇ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಬಂದಿದ್ದು. ಅವನ ಗೌರವಕ್ಕೆ ರಾಜ ಇಟ್ಟ ಹೆಸರು ಅದು.

ಇಡೀ ದೇಶ ಎಲ್ಲರನ್ನೂ ನೀವು ಅಂತ ಮೇಲೆತ್ತಿ ಸಮ ಮಾಡಿತು. ಇವರು ಎಲ್ಲರಿಗೂ ನೀನು ಅಂದು ಸಮ ಮಾಡಲು ಹೊರಟಿದ್ದರು. ನನ್ನ ಮಟ್ಟಿಗೆ ಅವರದೇ ದೊಡ್ಡ ಧೈರ್ಯ.

ನೇಪಥ್ಯ, ಶಿವಮೊಗ್ಗ

ಇಷ್ಟೆಲ್ಲ ಸಿಗುತ್ತೆ ಅಂತ ಅಂದುಕೊಂಡೇ ಇರಲಿಲ್ಲ. ಸಿರಾ, ಗುಡಿ, ಕಝ್ ಬಗ್ಗೆಯೂ ಹೇಳಿ ಮೇಷ್ಟ್ರೇ.

ಹಳೇ ಮೇಷ್ಟ್ರು, ಧಾರವಾಡ

ಸಿರಾ ಬಂದಿದ್ದು ಸರ್‌ನಿಂದಲೇ. ಸರ್ ಬಂದಿದ್ದು ಸೈರ್‌ನಿಂದ, ಅದಕ್ಕೂ ಹಿಂದೆ ಲ್ಯಾಟಿನ್ನಿನಲ್ಲಿ ಹಿರಿಯ ಅಂತ ಅರ್ಥ. ಹಿರಿಯ ಅನ್ನುವ ಮಾತಿಗೆ ಒಂದು ಬಾಲ ಹಚ್ಚಿದ್ದೇ ತಡ, ಆಳುಗಳನ್ನೂ ಹುಡುಗರನ್ನೂ ಗದರಿಸುವ ಮಾತಾಯಿತು. ನಾಟಕದಲ್ಲಿ ಆಳನ್ನು ಕರೆಯುವಾಗ "ಲೋ" ಅನ್ನಬಹುದು, ಕತ್ತಿ ಹಿರಿದು ನಿಂತಾಗ "ಎಲವೋ" ಒಪ್ಪುತ್ತದೆ. ಯಕ್ಷಗಾನ ನೋಡಿದವರಿಗೆ ಅದರ ಬಿಸಿ ಗೊತ್ತು.

ಕಝ್ ಅಂದರೆ ಕಸಿನ್. ಆದರೆ ಚಿಕ್ಕಪ್ಪನ ಮಗ ಅಂತಲೇ ಅಲ್ಲ. ಅಣ್ಣನ ಮಗಳು, ತಂಗಿಯ ಮಗ, ದೂರದ ನೆಂಟ, ಎಲ್ಲರೂ ಕಝ್. ಒಬ್ಬ ರಾಜ ಇನ್ನೊಬ್ಬ ರಾಜನಿಗೂ ಕಸಿನ್ ಅನ್ನುತ್ತಿದ್ದ. ಕನ್ನಡಕ್ಕೆ ತರುವಾಗ ಯಾರು ಯಾರಿಗೆ ಹೇಳಿದರು ಅಂತ ನೋಡಿ ತಮ್ಮಾ, ಅಕ್ಕಾ, ಭಾವ ಅಂತ ಹಾಕಿರಿ. ನಮ್ಮಲ್ಲಿ ಸಂಬಂಧದ ಹೆಸರಿಗೆ ಬರ ಇಲ್ಲ.

ಗುಡಿ ಅಂದರೆ ಗುಡ್‌ವೈಫ್. ಇದು ದೊಡ್ಡ ಕಥೆ. ಆಗ ಜನರ ಹೆಸರಿನ ಹಿಂದಿನ ಮಾತು ಅವರ ಅಂತಸ್ತನ್ನು ಹೇಳುತ್ತಿತ್ತು. ಕುಲೀನ ಗಂಡಸಾದರೆ ಮಾಸ್ಟರ್, ಹೆಂಗಸಾದರೆ ಮಿಸ್ಟ್ರೆಸ್. ಅದಕ್ಕಿಂತ ಕೆಳಗಿನ ರೈತರು, ಕಸುಬಿನವರು ಗುಡ್‌ಮನ್, ಗುಡ್‌ವೈಫ್. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಮಾಟಗಾತಿಯರು ಅಂತ ಹಲವರನ್ನು ಗಲ್ಲಿಗೇರಿಸಿದರಲ್ಲ, ಅವರಲ್ಲಿ ಎಪ್ಪತ್ತು ದಾಟಿದ ರೆಬೆಕಾ ನರ್ಸ್ ಕೂಡ ಒಬ್ಬರು. ಅವರನ್ನು ಊರಿನವರು ಕರೆಯುತ್ತಿದ್ದಿದ್ದು ಗುಡಿ ನರ್ಸ್ ಅಂತ. ಒಳ್ಳೆಯ ಗೃಹಿಣಿ ಎಂಬ ಮಾತಿನಲ್ಲೇ ಕರೆದು ಮಾಟಗಾತಿ ಅಂತ ಕೊಂದರು. ಓದಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಇನ್ನೊಂದು ದಾಖಲೆ ಇದೆ. 1631, ಮ್ಯಾಸಚೂಸೆಟ್ಸ್ ವಸಾಹತು. ಜೋಸಯಸ್ ಪ್ಲೇಸ್ಟೋ ಎಂಬುವನು ಅಲ್ಲಿನ ಮೂಲನಿವಾಸಿಗಳ ನಾಲ್ಕು ಬುಟ್ಟಿ ಜೋಳ ಕದ್ದ. ತೀರ್ಪು ಹೀಗೆ: ಎಂಟು ಬುಟ್ಟಿ ವಾಪಸು ಕೊಡಬೇಕು, ಐದು ಪೌಂಡ್ ದಂಡ ಕಟ್ಟಬೇಕು. ಅದರ ಮೇಲೆ, ಇನ್ನು ಮುಂದೆ ಅವನನ್ನು ಬರೀ ಜೋಸಯಸ್ ಅನ್ನಬೇಕು, ಹಿಂದಿನ ಹಾಗೆ ಮಿಸ್ಟರ್ ಅನ್ನಬಾರದು. ದಂಡ ಒಂದು ದಿನಕ್ಕೆ ಮುಗಿಯುತ್ತದೆ. ಈ ಮೂರನೇ ಶಿಕ್ಷೆ ದಿನಾ ಬೆಳಿಗ್ಗೆ ಮನೆಯಿಂದ ಹೊರಗೆ ಬಂದ ಕೂಡಲೇ ಶುರು.

ಅಮ್ಮಣ್ಣಿ, ಮೈಸೂರು

ಮಿಸ್ಟ್ರೆಸ್ ಅಂದರೆ ಈಗ ಕೆಟ್ಟ ಅರ್ಥ ಅಲ್ವಾ? ಆಗ ಗೌರವವಾಗಿತ್ತಾ?

ಹಳೇ ಮೇಷ್ಟ್ರು, ಧಾರವಾಡ

ಹೌದು, ಮನೆಯ ಒಡತಿ ಅಂತ. ಮದುವೆ ಆಗಿರಲಿ, ಬಿಡಲಿ. ಮಿಸೆಸ್, ಮಿಸ್ ಎರಡೂ ಅದರ ಮಕ್ಕಳೇ. ಮದುವೆಯ ಲೆಕ್ಕದಲ್ಲಿ ಅವನ್ನು ಬೇರೆ ಮಾಡಿದ್ದು ಆಮೇಲೆ. ಮದುವೆಯ ಲೆಕ್ಕ ಹೇಳದ ಮಿಝ್ ಎಂಬ ಮಾತನ್ನು 1901ರಲ್ಲೇ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ಒಂದು ಪತ್ರಿಕೆ ಸೂಚಿಸಿತ್ತು. ಜನ ಬಳಸಲು ಎಪ್ಪತ್ತರ ದಶಕ ಬರಬೇಕಾಯಿತು.

ಹೆಂಗಸರ ಮಾತುಗಳೇ ಹೀಗೆ ಜಾಸ್ತಿ ಕೆಳಗೆ ಬಿದ್ದಿವೆ. ವೆಂಚ್ ಅಂದರೆ ಮೊದಲು ಮಗು ಅಷ್ಟೇ. ಗಾಸಿಪ್ ಅಂದರೆ ಮಗುವಿನ ಜ್ಞಾನಸ್ನಾನದಲ್ಲಿ ನಂಟಾದವರು. ಹೆರಿಗೆಯ ಹೊತ್ತಿಗೆ ಬಂದು ಜೊತೆಗಿರುವ ಗೆಳತಿಯರಿಗೂ ಅದೇ ಹೆಸರು. ಕಷ್ಟಕ್ಕಾದವರ ಹೆಸರು ಈಗ ಚಾಡಿಮಾತಿಗೆ ಅಂಟಿಕೊಂಡಿದೆ. ಗಂಡಸರದೂ ಬಿದ್ದಿವೆ, ಇಲ್ಲ ಅನ್ನಲ್ಲ. ನೇವ್ ಅಂದರೆ ಹುಡುಗ, ವಿಲನ್ ಅಂದರೆ ಹಳ್ಳಿಯವ.

ಕರಿಕೋಟು, ಬೆಂಗಳೂರು

ನನಗೆ ಇಷ್ಟವಾದ ಜೋಡಿ ಲಾರ್ಡ್, ಲೇಡಿ. ಲಾರ್ಡ್ ಅಂದರೆ ರೊಟ್ಟಿ ಕಾಯುವವ. ಲೇಡಿ ಅಂದರೆ ರೊಟ್ಟಿಹಿಟ್ಟು ನಾದುವವಳು. ಹಳೇ ಇಂಗ್ಲಿಷಿನ ಹ್ಲಾಫ್ ಅಂದರೆ ರೊಟ್ಟಿ, ಅದೇ ಈಗಿನ ಲೋಫ್. ಊಟ ಹಾಕುವವನೇ ಒಡೆಯ. ನಮ್ಮಲ್ಲಿ ಅನ್ನದಾತ ಅಂತೀವಲ್ಲ, ಹಾಗೆ.

ಕೋರ್ಟಿನಲ್ಲಿ ‘ಮೈ ಲಾರ್ಡ್’ ಈಗ ಕಡ್ಡಾಯ ಅಲ್ಲ. 2006ರಲ್ಲೇ ವಕೀಲರ ಸಂಸ್ಥೆ ಬಾರ್ ಕೌನ್ಸಿಲ್ ಹೈಕೋರ್ಟಿನಲ್ಲಿ ಯುವರ್ ಆನರ್ ಸಾಕು, ಕೆಳಗಿನ ಕೋರ್ಟುಗಳಲ್ಲಿ ಸರ್ ಸಾಕು ಅಂತ ನಿಯಮ ಮಾಡಿದೆ. ಆದರೂ ನಮ್ಮವರ ಬಾಯಿಂದ ಹೋಗಿಲ್ಲ. ನಾನು ಬಿಟ್ಟು ನಾಲ್ಕು ವರ್ಷ ಆಯಿತು. ಯಾವ ನ್ಯಾಯಾಧೀಶರೂ ಮುಖ ಸಿಂಡರಿಸಿಲ್ಲ.

ಕಡಲತೀರ, ಮಂಗಳೂರು

ಒಂದು ತಕರಾರು. ಶೇಕ್ಸ್‌ಪಿಯರ್‌ನಲ್ಲಿ ಪ್ರತಿ ದೌ ಹಿಂದೆಯೂ ಕಾರಣ ಹುಡುಕಬಾರದು. ಎಷ್ಟೋ ಕಡೆ ಒಂದೇ ಮಾತಿನಲ್ಲಿ ಎರಡೂ ಬರುತ್ತವೆ, ಕಾರಣ ಕಾಣುವುದಿಲ್ಲ. ಆಗಲೇ ಆ ಭೇದ ಸಡಿಲವಾಗುತ್ತಿತ್ತು. ಇನ್ನೊಂದು, ಹ್ಯಾಮ್ಲೆಟ್ ತಾಯಿಗೆ ಯೂ ಅಂದಿದ್ದು ಸಿಟ್ಟಿಗಲ್ಲ. ದೊಡ್ಡ ಮನೆತನದ ಮಕ್ಕಳು ತಂದೆ ತಾಯಿಗೆ ಹಾಗೇ ಅನ್ನಬೇಕಿತ್ತು. ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಅಪ್ಪನಿಗೆ ನೀವು, ಅಮ್ಮನಿಗೆ ನೀನು. ಹಾಗಿರುವಾಗ ನೀವು ಅಂತಲೇ ಇಟ್ಟರೆ ಮೂಲದಲ್ಲಿ ಇಲ್ಲದ ದೂರ ಬರುವುದಿಲ್ಲವಾ?

ಹಳೇ ಮೇಷ್ಟ್ರು, ಧಾರವಾಡ

ಒಪ್ಪಿದೆ. ನಮ್ಮ ಕಡೆ ಅಪ್ಪನಿಗೂ ‘ನೀ’ ಅನ್ನುವ ಮನೆಗಳಿವೆ, ನಮ್ಮ ಪ್ರೇಕ್ಷಕರಿಗೆ ಆ ನೀವು ಇನ್ನೂ ದೂರ ಕೇಳುತ್ತದೆ. ಆದರೂ ರಾಣಿ ನೀನು ಅಂದಿದ್ದನ್ನು ಅವನು ನೀವು ಅಂತ ತಿರುಗಿಸಲೇಬೇಕು. ಇಲ್ಲವಾದರೆ ಮೂರನೇ ಸಾಲಿನಲ್ಲಿ ಅವಳು ಬದಲಾಗಿದ್ದು ಯಾರಿಗೂ ಕೇಳುವುದಿಲ್ಲ. ಒಂದು ಬೇಕಾದರೆ ಒಂದು ಬಿಡಬೇಕು. ನಾನಾದರೆ ಅವಳ ಮಾತನ್ನು ಉಳಿಸಿಕೊಳ್ಳುತ್ತೇನೆ.

ನೇಪಥ್ಯ, ಶಿವಮೊಗ್ಗ

ನಿನ್ನೆ ಸಂಜೆ ತಾಲೀಮು ಆಯಿತು. ನಾಲ್ಕು ಸಾಲು ಹೀಗೆ ಇಟ್ಟೆವು.

ರಾಣಿ: ಹ್ಯಾಮ್ಲೆಟ್, ನಿನ್ನ ತಂದೆಯ ಮನಸ್ಸನ್ನು ಬಹಳ ನೋಯಿಸಿದೆ ನೀನು.

ಹ್ಯಾಮ್ಲೆಟ್: ಅಮ್ಮಾ, ನನ್ನ ತಂದೆಯ ಮನಸ್ಸನ್ನು ಬಹಳ ನೋಯಿಸಿದಿರಿ ನೀವು.

ರಾಣಿ: ಸಾಕು, ಸಾಕು. ಹುರುಳಿಲ್ಲದ ಉತ್ತರ ಕೊಡುತ್ತೀರಿ ನೀವು.

ಹ್ಯಾಮ್ಲೆಟ್: ಹೋಗಲಿ, ಹೋಗಲಿ. ವಿಷದ ಪ್ರಶ್ನೆ ಕೇಳುತ್ತೀರಿ ನೀವು.

ರಾಣಿಯ ಪಾತ್ರ ಮಾಡುವವರು ಅಂಗನವಾಡಿ ಟೀಚರ್. ಮೂರನೇ ಸಾಲಿನ ನೀವು ಹೇಳುವಾಗ, ಅಮ್ಮಣ್ಣಿ ಅವರು ಹೇಳಿದ ಹಾಗೆ, ದನಿ ತಗ್ಗಿಸಿದರು. ಮಗನ ಹೆಗಲ ಮೇಲಿದ್ದ ಕೈಯನ್ನೂ ತೆಗೆದರು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಲೈಟಿನ ಹುಡುಗ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಹಾಗೇ ನಿಂತುಬಿಟ್ಟ.

ನಾಳೆಯಿಂದ ದೆವ್ವ ಬರುವ ಭಾಗ ಶುರು. ಅಲ್ಲಿ ಅಪ್ಪ ಮಗನಿಗೆ ನೀನು, ಮಗ ಅಪ್ಪನ ದೆವ್ವಕ್ಕೆ ನೀವು. ಅದನ್ನು ಹಾಗೇ ಇಡುತ್ತೇನೆ.